ಮುಂದಿನ ಡಬ್ಬಿಯ ಹಿಟ್ಟು

ಹಾಲಿನ ಪಾಕೀಟು ಖಾಲಿಯಾದ ಮೇಲೆ ಅದರೊಳಗೆ ಅರ್ಧ ಲೋಟ ನೀರು ಹಾಕಿ, ಬಾಯಿ ಹಿಡಿದು ಎರಡು ಸಲ ಕುಲುಕಿ, ಆ ತೆಳು ಬಿಳಿಯ ನೀರನ್ನೂ ಚಹದ ಪಾತ್ರೆಗೆ ಸುರಿಯುವಾಗ ಶಿವರಂಜನಿ ಒಮ್ಮೆ ಬಾಗಿಲ ಕಡೆ ನೋಡಿದಳು. ಮಗಳು ಅಂಕಿತಾ ಹೊರಗಿನ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದಳು. ಈ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೂ ಏನೂ ಅನ್ನುತ್ತಿರಲಿಲ್ಲ. ಅದೇ ಈಗೀಗ ಶಿವರಂಜನಿಗೆ ಕಷ್ಟವಾಗುತ್ತಿತ್ತು. ಎಂಟನೆಯ ತರಗತಿಗೆ ಬಂದ ಮೇಲೆ ಹುಡುಗಿ ಕೇಳುವುದನ್ನು ಬಿಟ್ಟು ನೋಡುವುದನ್ನು ಕಲಿತಿದ್ದಳು. ಬಚ್ಚಲಲ್ಲಿ ಹಳೆಯ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸಿದ್ದನ್ನು ನೋಡುತ್ತಿದ್ದಳು. ಪೇಸ್ಟಿನ ಕೊಳವೆಯ ಹೊಟ್ಟೆಯನ್ನು ಕತ್ತರಿಯಿಂದ ಸೀಳಿ ಇಟ್ಟದ್ದನ್ನು ನೋಡುತ್ತಿದ್ದಳು. ಕೊನೆಯ ರೊಟ್ಟಿ ಬೇಯುವ ಮೊದಲೇ ಅವ್ವ ಗ್ಯಾಸ್ ಆರಿಸಿ, ಹಂಚಿನಲ್ಲಿ ಉಳಿದ ಬಿಸಿಯಲ್ಲೇ ಅದನ್ನು ಬೇಯಿಸುವುದನ್ನೂ, ಆ ರೊಟ್ಟಿ ಯಾವಾಗಲೂ ಅವ್ವನ ಗಂಗಾಳಕ್ಕೇ ಹೋಗುವುದನ್ನೂ ನೋಡುತ್ತಿದ್ದಳು. ಇವು ಬಡತನದ ಕೆಲಸಗಳಲ್ಲ. ಗಂಡ ಉಳವಪ್ಪನಿಗೆ ಗದಗಿನ ಬೀಜದ ಅಂಗಡಿಯಲ್ಲಿ ಖಾಯಂ ಕೆಲಸವಿತ್ತು, ಮನೆ ಸ್ವಂತದ್ದಿತ್ತು, ಯಾರ ಬಾಗಿಲಿಗೂ ಹೋಗಿ ನಿಲ್ಲುವ ಪ್ರಸಂಗ ಬಂದಿರಲಿಲ್ಲ. ಬಡತನವಿದ್ದಿದ್ದರೆ ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು.

ಚಹ ಕುದಿಯುತ್ತಿತ್ತು. ಕುದಿಯುವುದನ್ನು ನೋಡುತ್ತ ನಿಂತಾಗಲೆಲ್ಲ ಲಕ್ಷ್ಮೇಶ್ವರದ ಆ ಮಧ್ಯಾಹ್ನ ಏಕೆ ನೆನಪಾಗುತ್ತದೋ ಅವಳಿಗೆ ತಿಳಿಯುತ್ತಿರಲಿಲ್ಲ. ನಾದಿನಿಯ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮನೆ ತುಂಬ ಹೆಂಗಸರು. ಊಟಕ್ಕೆ ಏಳುವಾಗ ನಡುಮನೆ ಖಾಲಿಯಾಯಿತು, ಫ್ಯಾನು ಒಂದೇ ತಿರುಗುತ್ತಿತ್ತು, ಅವಳ ಕೈ ತಾನಾಗಿಯೇ ಹೋಗಿ ಸ್ವಿಚ್ಚನ್ನು ಒತ್ತಿತು. ಅಷ್ಟೇ. ನಾದಿನಿ ಹಿಂದೆಯೇ ಬರುತ್ತಿದ್ದಳು. ‘ಇರ್ಲಿ ಬಿಡ್ರಿ ವೈನಿ, ನಮ್ಮನಿ ಕರೆಂಟ್ ಬಿಲ್ಲ ನಾವ ತುಂಬ್ತೀವಿ’ ಎಂದಳು. ಹೆಂಗಸರೆಲ್ಲ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಶಿವರಂಜನಿಯೂ ನಕ್ಕಳು. ಕೈಯಲ್ಲಿ ಉಂಡಿ ಹಿಡಿದು ಕಂಬದ ಪಕ್ಕ ನಿಂತಿದ್ದ ಅಂಕಿತಾ ಮಾತ್ರ ನಗಲಿಲ್ಲ. ಆಗ ಅವಳಿಗೆ ಒಂಬತ್ತು ವರ್ಷ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತವಳು ಶಿರಹಟ್ಟಿ ದಾಟಿದ ಎಷ್ಟೋ ಹೊತ್ತಿನ ಮೇಲೆ, ಹೊಲಗಳನ್ನೇ ನೋಡುತ್ತ, ‘ಬ್ಯಾರೇದವರ ಮನ್ಯಾಗ ಹಂಗ ಮಾಡಬ್ಯಾಡವಾ’ ಎಂದಿದ್ದಳು. ಹಿರಿಯರು ಚಿಕ್ಕವರಿಗೆ ಹೇಳುವ ದನಿ ಅದು.

‘ಅವ್ವಾ, ಚಾ ಉಕ್ಕಾಕತ್ತೈತಿ’ ಎಂದಳು ಅಂಕಿತಾ ಬಾಗಿಲಲ್ಲಿ ನಿಂತು. ಶಿವರಂಜನಿ ಉರಿ ಸಣ್ಣದು ಮಾಡಿದಳು. ಇವತ್ತು ರವಿವಾರ, ಗಿರಣಿಗೆ ಹೋಗುವ ದಿನ. ಹಿರೇವಡ್ಡಟ್ಟಿಯಿಂದ ಅಣ್ಣ ಒಂದು ಚೀಲ ಬಿಳಿಜೋಳ ಕಳಿಸಿದ್ದ. ಅಪ್ಪ ಹೋದ ಮೇಲೆ ತವರಿನಿಂದ ಬಂದ ಮೊದಲ ಕಾಳು. ನಿನ್ನೆ ಮೊರದಲ್ಲಿ ಹಾಕಿಕೊಂಡು ಹಸನು ಮಾಡುವಾಗ ಕೈಗೆ ಒಂದು ಹರಳೂ ಸಿಕ್ಕಿರಲಿಲ್ಲ. ಮುತ್ತಿನ ಹಾಗೆ ಒಂದೇ ಅಳತೆಯ ಕಾಳು. ಮೊರದ ಮುಂದೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕುಳಿತಿದ್ದಳು. ‘ಅವ್ವ ಡಬ್ಬಿ ತುಂಬ್ಯಾಳಲ್ಲ ಇವತ್ತ, ನಾನೂ ಬರ್ತೀನಿ ಹಿಡ್ಯಾಕ’ ಎಂದು ಅಂಕಿತಾ ತಂದೆಗೆ ಹೇಳುವುದು ಕೇಳಿದಾಗ, ಬೇಡ ಅನ್ನಲು ಕಾರಣ ಹುಡುಕಿದಳು. ಸಿಗಲಿಲ್ಲ.

ಗಿರಣಿಯ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಉಳವಪ್ಪನಿಗೂ. ಹೇಳುವಂಥದ್ದೂ ಅಲ್ಲ, ಬಾಯಿಂದ ಹೊರಗೆ ಬಂದರೆ ಬಹಳ ಸಣ್ಣದಾಗಿ ಕೇಳುವ ಸಂಗತಿ. ಗಿರಣಿಯ ಎರಡು ಕಲ್ಲುಗಳ ನಡುವೆ ಯಾವಾಗಲೂ ಒಂದು ಬೊಗಸೆಯಷ್ಟು ಹಿಟ್ಟು ಉಳಿದಿರುತ್ತದೆ. ಒಬ್ಬರ ಜೋಳ ಮುಗಿದು ಇನ್ನೊಬ್ಬರದು ಬಿದ್ದಾಗ ಮೊದಲು ಹೊರಗೆ ಬರುವುದು ಸಾಲಿನಲ್ಲಿ ತನಗಿಂತ ಮುಂದಿದ್ದ ಡಬ್ಬಿಯವರ ಹಿಟ್ಟು. ತನ್ನದರ ಕೊನೆಯ ಬೊಗಸೆ ತನ್ನ ಹಿಂದಿನವರಿಗೆ ಹೋಗುತ್ತದೆ. ತೂಕಕ್ಕೆ ತೂಕ ಸರಿಹೋಗುತ್ತದೆ, ಯಾರಿಗೂ ಕಡಿಮೆಯಿಲ್ಲ. ಆದರೆ ಮುಂದಿನವರ ಜೋಳ ಒಳ್ಳೆಯದಿದ್ದರೆ ತನ್ನ ಡಬ್ಬಿಗೆ ಒಂದು ಬೊಗಸೆ ಒಳ್ಳೆಯ ಹಿಟ್ಟು, ಮುಗ್ಗಿದ್ದರೆ ಒಂದು ಬೊಗಸೆ ಮುಗ್ಗಿದ್ದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಜೋಳವನ್ನೇ ಕೊಳ್ಳುವವಳಿಗೆ ಆ ಬೊಗಸೆ ಸಣ್ಣದಲ್ಲ. ‘ಯಾರ ಹಿಂದ ನಿಂತೀದಿ ನೋಡ್ಕೋ’ ಎಂದು ಅವಳ ಅವ್ವ ಹೇಳಿದ್ದಳು, ಹಿರೇವಡ್ಡಟ್ಟಿಯ ಗಿರಣಿಯ ಮುಂದೆ, ಒಮ್ಮೆ ಮಾತ್ರ, ಹೇಳಿದ ಮೇಲೆ ತನಗೇ ನಾಚಿಕೆಯಾದಂತೆ ಸೆರಗು ಸರಿಮಾಡಿಕೊಂಡು. ಹನ್ನೆರಡು ವರ್ಷದ ಹಿಂದೆ ಬೆಟಗೇರಿಯ ಈ ಓಣಿಗೆ ಬಂದ ಮೊದಲ ವಾರದಲ್ಲೇ ಶಿವರಂಜನಿ ಕಂಡುಕೊಂಡಿದ್ದಳು: ಎಲ್ಲರಿಗಿಂತ ಒಳ್ಳೆಯ ಜೋಳ ನೀಲಗಂಗವ್ವನ ಮನೆಯದು, ಯಳವತ್ತಿಯ ಹೊಲದ್ದು. ನೀಲಗಂಗವ್ವ ಯಾವ ಹೊತ್ತಿಗೆ ಬರುತ್ತಾಳೆ ಹೇಳಲಾಗದು. ಆದ್ದರಿಂದ ಶಿವರಂಜನಿ ಮೊದಲೇ ಬಂದು ಡಬ್ಬಿ ಇಟ್ಟು, ತನ್ನ ಸರತಿ ಬಂದಾಗ ಹಿಂದಿನವರಿಗೆ ಬಿಟ್ಟುಕೊಡುತ್ತಿದ್ದಳು. ‘ನೀವು ಹಾಕಸ್ರಿ, ನನಗೇನ ಗಡಿಬಿಡಿ ಇಲ್ಲ.’ ಮತ್ತೊಬ್ಬರು ಬಂದರೆ ಅವರಿಗೂ. ನೀಲಗಂಗವ್ವನ ಡಬ್ಬಿ ಬಂದು, ಅವಳಿಗೂ ಬಿಟ್ಟುಕೊಟ್ಟು, ಅದರ ಹಿಂದೆ ತನ್ನದನ್ನು ಸರಿಸುವವರೆಗೆ ಅವಳು ಗೋಡೆಗೆ ಒರಗಿ ಸಮಾಧಾನದಿಂದ ನಿಂತಿರುತ್ತಿದ್ದಳು. ಮದುವೆಗೆ ಮೊದಲು ನಾಲ್ಕು ವರ್ಷ ಸಾಲಿಯಲ್ಲಿ ಕಲಿಸಿದ್ದರಿಂದ ಓಣಿಯಲ್ಲಿ ಎಲ್ಲರೂ ಅವಳನ್ನು ಅಕ್ಕಾರು ಎನ್ನುತ್ತಿದ್ದರು. ಅಕ್ಕಾರು ಭಾಳ ಸಮಾಧಾನದವರು, ಅಕ್ಕಾರಿಗೆ ಅವಸರ ಅನ್ನೋದ ಇಲ್ಲ. ಈ ಹೆಸರು ಅವಳು ಬೇಡಿದ್ದಲ್ಲ. ಬಂದದ್ದನ್ನು ಹಿಂದಕ್ಕೆ ಕೊಟ್ಟವಳೂ ಅಲ್ಲ.

ಹೋದ ದೀಪಾವಳಿಗೆ ಮೊದಲು ಸಾಲಿಯಲ್ಲಿ ಪಾಲಕರ ಸಭೆಗೆ ಕರೆದಿದ್ದರು. ಸಭೆ ಮುಗಿದ ಮೇಲೆ ಕನ್ನಡದ ಟೀಚರು ಶಿವರಂಜನಿಯ ಕೈ ಹಿಡಿದುಕೊಂಡರು. ನಾನು ಮೆಚ್ಚಿದ ವ್ಯಕ್ತಿ ಎಂಬ ಭಾಷಣದಲ್ಲಿ ಎಲ್ಲ ಮಕ್ಕಳೂ ದೊಡ್ಡ ದೊಡ್ಡವರ ಬಗ್ಗೆ ಹೇಳಿದರಂತೆ, ಅಂಕಿತಾ ತಾಯಿಯ ಬಗ್ಗೆ ಹೇಳಿದಳಂತೆ. ‘ಗಿರಣಿಯಲ್ಲಿ ಎಲ್ಲರೂ ತಮ್ಮದೇ ಮೊದಲಾಗಬೇಕು ಎನ್ನುತ್ತಾರೆ. ನನ್ನ ತಾಯಿ ಮಾತ್ರ ನೀವು ಮೊದಲು ಎನ್ನುತ್ತಾಳೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.’ ಟೀಚರು ಅದನ್ನು ಹಾಗೆಯೇ ನೆನಪಿನಿಂದ ಹೇಳಿದರು. ಶಿವರಂಜನಿಗೆ ಕೈ ಬಿಡಿಸಿಕೊಳ್ಳಬೇಕೆನಿಸಿತು, ಬಿಡಿಸಿಕೊಳ್ಳಲಿಲ್ಲ. ಮುಂದಿನ ವಾರ ಯಾರ ಹಿಂದೆ ಸರತಿ ಬಂದರೂ ಹಾಕಿಸಿಕೊಂಡು ಬಂದುಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ತನ್ನ ಸರತಿ ಬಂದಾಗ ಬಾಯಿ ತಾನಾಗಿಯೇ, ನನಗೇನ ಗಡಿಬಿಡಿ ಇಲ್ಲ, ಎಂದಿತು. ಮಗಳ ಬಳಿ ತನ್ನ ಬಗ್ಗೆ ಇರುವ ಒಳ್ಳೆಯ ಮಾತು ಇದೊಂದೇ ಎಂದು ಅವಳಿಗೆ ಗೊತ್ತಿತ್ತು. ಇದು ಹೋದರೆ ಉಳಿಯುವುದು ಸಾಬೂನಿನ ಚೂರು, ಹಾಲಿನ ಪಾಕೀಟು, ಲಕ್ಷ್ಮೇಶ್ವರದ ಫ್ಯಾನು. ಅಂದಿನಿಂದ ಅಂಕಿತಾ ಗಿರಣಿಗೆ ಬರುತ್ತೇನೆ ಎಂದಾಗಲೆಲ್ಲ ಏನಾದರೂ ಕೆಲಸ ಹೇಳಿ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು.

ಡಬ್ಬಿಯ ಎರಡೂ ಕಡೆ ಸರಿಗೆಯ ಹಿಡಿಕೆಗಳಿದ್ದವು. ಒಂದನ್ನು ತಾಯಿ, ಒಂದನ್ನು ಮಗಳು ಹಿಡಿದು ನಡೆದರು. ಮಗಳು ಎತ್ತರವಾಗಿದ್ದಾಳೆ, ಡಬ್ಬಿ ತನ್ನ ಕಡೆಗೇ ವಾಲುತ್ತಿದೆ ಎಂದು ಶಿವರಂಜನಿಗೆ ಆಗ ಗೊತ್ತಾಯಿತು.

ಮಹಬೂಬಸಾಬನ ಗಿರಣಿಯಿಂದ ಸಪ್ಪಳ ಬರುತ್ತಿರಲಿಲ್ಲ, ಮಾತು ಕೇಳುತ್ತಿತ್ತು. ನಸುಕಿನಿಂದ ಕರೆಂಟು ಇರಲಿಲ್ಲವಂತೆ. ಜನ ಬಂದು ಡಬ್ಬಿ ಇಟ್ಟು ಮನೆಗೆ ಹೋಗಿದ್ದರು. ಸುಮ್ಮನೆ ಕೂಡಲಾರದೆ ಮಹಬೂಬಸಾಬ ಡಬ್ಬಿಗಳನ್ನೆಲ್ಲ ಎತ್ತಿ ಒಂದು ಮೂಲೆಗೆ ಇಟ್ಟು ನೆಲ ತೊಳೆದಿದ್ದ. ಈಗ ಕರೆಂಟು ಬಂದಿತ್ತು, ನೆಲ ಒಣಗಿತ್ತು, ಮೂವರು ತಿರುಗಿ ಬಂದಿದ್ದರು, ಮೂಲೆಯಲ್ಲಿ ಏಳು ಡಬ್ಬಿಗಳು, ಯಾರದು ಮೊದಲು ಯಾರದು ಆಮೇಲೆ ಎಂಬುದು ಅವನಿಗೂ ಮರೆತಿತ್ತು. ರೆಪ್ಪೆಯ ಮೇಲೆಲ್ಲ ಹಿಟ್ಟು ಕುಳಿತ ಕಣ್ಣುಗಳನ್ನು ಪಿಳುಕಿಸುತ್ತ ಅವನು ಸುಮ್ಮನೆ ನಿಂತಿದ್ದ.

‘ನಂದ ಮೊದಲರಿ’ ಎನ್ನುತ್ತಿದ್ದಳು ಮೋತಿಬಿ. ಬಜಾರದಲ್ಲಿ ಬಳ್ಳೊಳ್ಳಿ ಮಾರುವವಳು, ಅರವತ್ತು ದಾಟಿದ ಹೆಂಗಸು. ‘ದೀಪಾ ಆರಸೂದರಾಗ ಬಂದ ಇಟ್ಟೀನಿ. ಚೀಲಾ ರಸ್ತೆದ ಮ್ಯಾಲ ಬಿಟ್ಟ ಬಂದೀನಿ, ಲಗೂನ ಹೋಗಬೇಕು.’

‘ನಿಂದ ಮೊದಲ ಆಗ್ಲೇಳ. ನಿನ್ನ ಹಿಂದ ನಂದ ಇಡಬ್ಯಾಡ ಅಂತ ಸಾಬಗ ಹೇಳಾಕತ್ತೀನಿ ನಾ’ ಎಂದಳು ನೀಲಗಂಗವ್ವ. ಅವಳು ಗಿರಣಿಯ ಒಂದೇ ಖುರ್ಚಿಯಲ್ಲಿ ಕುಳಿತಿದ್ದಳು. ‘ರೇಶನ್ ಜೋಳದ ಹಿಂದ ಹಾಕಿಸಿದ್ರ ರೊಟ್ಟಿ ಬೂದಿಬಣ್ಣ ಆಕ್ಕಾವು. ನಮ್ಮನಿಯವರು ಗಂಗಾಳ ಸರಿಸಿ ಏಳ್ತಾರ.’

‘ಅವರಿಗೆ ಕಣ್ಣ ಕಾಣವಲ್ವು ಅಂದಿದ್ರೆಲ್ರಿ ಹೋದ ವಾರ’ ಎಂದ ಮುತ್ತಣ್ಣ, ಬಸ್ ಓಡಿಸಿ ನಿವೃತ್ತನಾದವನು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು.

‘ಮಂದಿ ಕಾಣಂಗಿಲ್ಲೋ. ರೊಟ್ಟಿ ಕಾಣ್ತಾವು.’

‘ಹಂಗಾರ ನಂದೂ ಬ್ಯಾಡ ಮೋತಿಬಿ ಹಿಂದ. ನನಗ ಎರಡೂ ಕಾಣ್ತಾವು’ ಎಂದ ಮುತ್ತಣ್ಣ. ಮೋತಿಬಿ ಅವನ ಕಡೆ ನೋಡಿದಳು. ಹನ್ನೆರಡು ವರ್ಷ ಗೋಡೆಗೆ ಒರಗಿ ತಾನು ಮಾಡುತ್ತಿದ್ದುದನ್ನೇ ನೀಲಗಂಗವ್ವ ಖುರ್ಚಿಯಲ್ಲಿ ಕುಳಿತು ಎಲ್ಲರೆದುರು ಹೇಳುತ್ತಿದ್ದಾಳೆ ಎಂದು ಶಿವರಂಜನಿಗೆ ಅನಿಸಿತು. ಹೇಳಿದ ಮೇಲೆಯೂ ಅವಳ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಹೀಗೆ ಹೇಳಬಹುದಿತ್ತೆ, ಇಷ್ಟು ಸುಲಭವಾಗಿ? ಆಗ ಮಹಬೂಬಸಾಬ ಶಿವರಂಜನಿಯನ್ನು ಕಂಡ.

‘ಅಕ್ಕಾರ ಬಂದ್ರು ನೋಡ್ರಿ. ಸರತಿ ಇವರ ಹಚ್ಚಿ ಕೊಡ್ಲಿ. ಇವರು ಯಾರ ಪೈಕಿನೂ ಅಲ್ಲ.’

‘ಅದ ಖರೆ. ಶಿವರಂಜನಿ ಹಚ್ಚಿದ್ರ ನಾ ಒಪ್ತೀನಿ’ ಎಂದಳು ನೀಲಗಂಗವ್ವ. ಮುತ್ತಣ್ಣನೂ ಕೈ ಎತ್ತಿದ.

ಬೇಡ ಎನ್ನುವ ಮೊದಲೇ ಪಕ್ಕದಲ್ಲಿ ಅಂಕಿತಾಳ ಬೆನ್ನು ನೆಟ್ಟಗಾದದ್ದು ಶಿವರಂಜನಿಗೆ ತಿಳಿಯಿತು. ಡಬ್ಬಿ ಕೆಳಗಿಟ್ಟು ಮೂಲೆಗೆ ಹೋದಳು. ಏಳೂ ಹಳೆಯ ಎಣ್ಣೆ ಡಬ್ಬಿಗಳು, ಒಂದರ ಹಾಗೆ ಒಂದು, ಮುಚ್ಚಳದ ಬಣ್ಣ ಮಾತ್ರ ಅಲ್ಲಿಷ್ಟು ಇಲ್ಲಿಷ್ಟು ಬೇರೆ. ಇದು ಯಾರದು, ನೀವು ಯಾವಾಗ ಬಂದಿರಿ ಎಂದು ಒಬ್ಬೊಬ್ಬರನ್ನಾಗಿ ಕೇಳಬೇಕಾಗಿತ್ತು. ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಒಂದು ಕೆಲಸವನ್ನು ಚೆನ್ನಾಗಿ ಬಲ್ಲವರ ಕೈ ಕೇಳುತ್ತ ಕೂಡುವುದಿಲ್ಲ. ಅವಳು ಮೊದಲ ಮುಚ್ಚಳ ತೆಗೆದಳು, ನಾಲ್ಕು ಕಾಳು ಅಂಗೈಗೆ ಹಾಕಿಕೊಂಡಳು, ‘ಇದು ಮುತ್ತಣ್ಣಾರದು’ ಎಂದು ಬದಿಗಿಟ್ಟಳು. ಎರಡನೆಯದು. ‘ಇದು ಗೌಸಬಿಯವರದು. ಹಳೇದಕ್ಕ ಹೊಸಾದು ಬೆರಸ್ಯಾರ, ಮೂರನೇ ವಾರ ಇದು.’ ಗೌಸಬಿ ಅಲ್ಲಿರಲೇ ಇಲ್ಲ. ಮೂರನೆಯದರ ಮುಚ್ಚಳ ತೆಗೆಯುವ ಮೊದಲೇ ವಾಸನೆಯಿಂದ, ‘ಇದು ಮೂಲಿ ಮನಿ ರಹಿಮತಬಿಯವರದು, ಬೇವಿನ ಎಲಿ ಹಾಕಿ ಇಡ್ತಾರ ಅವರು’ ಎಂದಳು. ನಾಲ್ಕನೆಯದು ಯಳವತ್ತಿಯದು, ಕೈ ಹಾಕುವ ಅಗತ್ಯವೇ ಇರಲಿಲ್ಲ. ದನಿಯಲ್ಲಿ ತನಗೇ ಕೇಳಿಸುವಂಥ ಒಂದು ಸಂತೋಷವಿತ್ತು. ನಾಲ್ಕು ವರ್ಷ ಸಾಲಿಯಲ್ಲಿ ಹಾಜರಿ ಕರೆಯುವಾಗ ಇದ್ದ ದನಿ, ಪ್ರತಿ ಹೆಸರಿಗೂ ಒಂದು ಮುಖ ಗೊತ್ತಿದ್ದ ದನಿ. ಆರನೆಯ ಡಬ್ಬಿಯ ಹೊತ್ತಿಗೆ ಯಾರೂ ಮಾತಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು.

‘ಅಕ್ಕಾರ, ನಮ್ಮ ಡಬ್ಬ್ಯಾಗ ಯಾವ ಜೋಳ ಐತಿ ಅನ್ನೋದು ನನಗ ಗೊತ್ತಿದ್ದಿಲ್ಲ ನೋಡ್ರಿ’ ಎಂದ ಮುತ್ತಣ್ಣ.

‘ಎಲ್ಲಾರ್ದೂ ಮುಚ್ಚಳ ತಗದ ನೋಡಿ ಇಟ್ಟೀಯಲ್ಲವಾ’ ಎಂದಳು ನೀಲಗಂಗವ್ವ. ನಗುತ್ತಲೇ ಅಂದದ್ದು. ಶಿವರಂಜನಿ ಅಂಗೈಯಲ್ಲಿದ್ದ ಕಾಳುಗಳನ್ನು ಡಬ್ಬಿಗೆ ಹಾಕಿದಳು. ಒಂದು ಕಾಳು ಬೆವರಿಗೆ ಅಂಟಿಕೊಂಡಿತ್ತು, ಅದನ್ನು ಉಗುರಿನಿಂದ ಬಿಡಿಸಿ ಹಾಕಿದಳು. ಅಂಕಿತಾಳ ಕಡೆ ನೋಡಬಾರದು ಎಂದುಕೊಂಡಳು, ನೋಡಿದಳು. ಹುಡುಗಿ ಸಾಲಾಗಿ ಇಟ್ಟ ಡಬ್ಬಿಗಳನ್ನು ನೋಡುತ್ತಿದ್ದಳು, ಒಂದನ್ನು, ಮತ್ತೊಂದನ್ನು, ಏನನ್ನೋ ಓದುವ ಹಾಗೆ. ಲೆಕ್ಕದ ಪುಸ್ತಕದ ಹಿಂದಿನ ಉತ್ತರ ನೋಡದೆ ತಾನೇ ಬಿಡಿಸುವಾಗ ಹುಬ್ಬುಗಳ ನಡುವೆ ಮೂಡುವ ಸಣ್ಣ ಗೆರೆ ಅಲ್ಲಿತ್ತು.

ಉಳಿದದ್ದು ಸರತಿ. ಮೋತಿಬಿಯದು ಮೊದಲು, ಅದರಲ್ಲಿ ಎರಡು ಮಾತಿಲ್ಲ, ಅವಳು ಮೊದಲು ಬಂದವಳು. ಅವಳ ಹಿಂದೆ ಯಾರು? ಸಾಲಿನ ಉಳಿದದ್ದೆಲ್ಲ ಶಿವರಂಜನಿಯ ತಲೆಯಲ್ಲಿ ತಾನಾಗಿ ಹೊಂದಿಕೊಂಡಿತು, ನೀಲಗಂಗವ್ವನ ಹಿಂದಿನ ಜಾಗ ತನಗೆ, ಎಂದಿನಂತೆ. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ತನ್ನ ಡಬ್ಬಿ ಇತ್ತು, ಅದರೊಳಗೆ ಅಣ್ಣನ ಜೋಳ. ನಾಳೆ ಆ ಹಿಟ್ಟಿನ ಮೊದಲ ರೊಟ್ಟಿಯನ್ನು ಗ್ಯಾಸ್ ಆರಿಸದೆ ಪೂರ್ತಿ ಬೇಯಿಸಿ ತಾನೇ ತಿನ್ನಬೇಕು ಎಂದು ನಿನ್ನೆ ಮೊರದ ಮುಂದೆ ಕುಳಿತು ಅಂದುಕೊಂಡಿದ್ದಳು. ಮಗಳು ನೋಡುತ್ತಿರದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮಗಳು ನೋಡುತ್ತಿದ್ದಳು. ಅವಳು ಹೋಗಿ ತನ್ನ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ತಂದು ಮೋತಿಬಿಯ ಡಬ್ಬಿಯ ಹಿಂದೆ ಇಟ್ಟಳು.

‘ನಾ ಅಂದಿದ್ನೆಲ್ಲ, ಅಕ್ಕಾರು ಒಲ್ಲೆ ಅನ್ನಂಗಿಲ್ಲ ಅಂತ’ ಎಂದ ಮುತ್ತಣ್ಣ. ಅವನು ಹಾಗೆ ಅಂದಿರಲಿಲ್ಲ. ನೀಲಗಂಗವ್ವ ಎದ್ದು ಬಂದು, ಶಿವರಂಜನಿಯ ಡಬ್ಬಿಯ ಮುಚ್ಚಳ ಎತ್ತಿ, ಒಂದು ಕಾಳನ್ನು ಹಲ್ಲಿನಿಂದ ಕಡಿದು ನೋಡಿದಳು.

‘ಎಲ್ಲೀದವಾ ಇದು?’

‘ಹಿರೇವಡ್ಡಟ್ಟಿದ್ರಿ. ನಮ್ಮಣ್ಣ ಕಳಿಸ್ಯಾನ.’

‘ಹಂಗಾರ ನಂದು ನಿನ್ನ ಹಿಂದ ಇಡು’ ಎಂದು ಹೇಳಿ ನೀಲಗಂಗವ್ವ ಮತ್ತೆ ಖುರ್ಚಿಗೆ ಹೋದಳು.

ಮಹಬೂಬಸಾಬ ಗಿರಣಿ ಚಾಲೂ ಮಾಡಿದ. ಪಟ್ಟಿ ತಿರುಗುವ ಸಪ್ಪಳದಲ್ಲಿ ಎಲ್ಲರ ಮುಖಗಳೂ ಮೊದಲಿನಂತಾದವು. ಮೋತಿಬಿ ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು. ಹಿಟ್ಟು ನಿಜಕ್ಕೂ ಬೂದಿಬಣ್ಣದ್ದು, ಸ್ವಲ್ಪ ಮುಗ್ಗಿದ ವಾಸನೆ. ಕಾಳು ಮುಗಿದು ಹಿಟ್ಟು ತೆಳುವಾದಾಗ ಮಹಬೂಬಸಾಬ ಡಬ್ಬಿ ಎಳೆಯಲು ಬಗ್ಗಿದ. ಮೋತಿಬಿ ಅವನ ಕೈ ತಡೆದಳು. ಬಟ್ಟೆಯ ತೋಳನ್ನು ಒಂದು ಕೈಯಿಂದ ಹಿಡಿದು ಇನ್ನೊಂದು ಅಂಗೈಯಿಂದ ಹೊಡೆಯತೊಡಗಿದಳು, ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ. ಪ್ರತಿ ಪೆಟ್ಟಿಗೂ ಒಂದಿಷ್ಟು ಉದುರಿತು.

‘ಸಾಕ ಬಿಡ ಮೋತಿಬೀ, ಖಾಲಿ ಓಡಿಸಿದ್ರ ಕಲ್ಲ ಸವಿತಾವು’ ಎಂದ ಮಹಬೂಬಸಾಬ.

‘ಹತ್ತ ಎಣಸ್ರಿ, ಅಷ್ಟರಾಗ ಬಿಡ್ತೀನಿ.’

‘ಕಲ್ಲೂ ಬಿಚ್ಚಿ ಒಯ್ತಿ ಏನ’ ಎಂದ ಮುತ್ತಣ್ಣ.

‘ಕೊಟ್ರ ಒಯ್ತೀನಿ.’

ಮಹಬೂಬಸಾಬ ಎಣಿಸಲಿಲ್ಲ. ತಡೆಯಲೂ ಇಲ್ಲ. ಕೊನೆಗೆ ಗಿರಣಿಯನ್ನೇ ನಿಲ್ಲಿಸಿದ. ಪಟ್ಟಿ ನಿಧಾನವಾಗಿ ನಿಂತಿತು, ಗಿರಣಿಯೊಳಗೆ ಬರಿಯ ಅಂಗೈಯ ಪೆಟ್ಟು ಕೇಳುತ್ತಿತ್ತು. ಅದೂ ನಿಂತಿತು. ಮೋತಿಬಿ ತೋಳನ್ನು ಹಿಂಡಿ ಕೊನೆಯ ಚಿಟಿಕೆಯನ್ನೂ ಡಬ್ಬಿಗೆ ಉದುರಿಸಿ, ಮೊಣಕಾಲು ಹಿಡಿದು ಎದ್ದಳು. ಶಿವರಂಜನಿಯ ಎದುರಿಗೆ ನಿಂತಳು.

‘ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ನನ್ನ ಜೋಳ ಹೆಂಗರ ಇರ್ಲಿ, ನಂದು ನನಗ ಬೇಕು. ಮಂದಿಗೆ ಬ್ಯಾಡಾದದ್ದು ಮಂದಿ ಡಬ್ಬ್ಯಾಗ ಯಾಕ ಬೀಳಬೇಕು? ನೀವು ವಾರಾ ನೀಲಗಂಗವ್ವಾರ ಡಬ್ಬಿ ಬರೂಮಟಾ ಕಾಯ್ತೀರಿ. ಎಲ್ಲಾರಿಗೂ ಬಿಟ್ಟ ಕೊಟ್ಟ ಕಾಯ್ತೀರಿ. ಅದಕ್ಕೇನ, ಛಲೋದು ಯಾರಿಗೆ ಬ್ಯಾಡ. ಇವತ್ತ ನನ್ನ ಹಿಂದ ಯಾಕ ನಿಂತ್ರಿ ಅನ್ನೋದು ತಿಳೀಲಿಲ್ಲ ನೋಡ್ರಿ.’

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಬಳ್ಳೊಳ್ಳಿಯ ತೂಕ ಹೇಳುವ ದನಿ. ಉತ್ತರಕ್ಕೆಂದು ಒಂದು ಗಳಿಗೆ ನಿಂತಳು. ಶಿವರಂಜನಿಯ ಬಾಯಿಯಲ್ಲಿ ಹಿಟ್ಟಿನ ಧೂಳಿನ ರುಚಿ ಇತ್ತು. ನೀಲಗಂಗವ್ವ ಖುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದಳು, ಮುತ್ತಣ್ಣ ಹೊರಗೆ ರಸ್ತೆಯ ಕಡೆ ನೋಡತೊಡಗಿದ. ‘ತಗೋ ನಿನ್ನ ಡಬ್ಬಿ, ಹೊತ್ತಾಕ್ಕೈತಿ ನಿನಗ’ ಎಂದು ಮಹಬೂಬಸಾಬ ಮೋತಿಬಿಯ ತಲೆಗೆ ಡಬ್ಬಿ ಎತ್ತಿ ಕೊಟ್ಟ. ಆಮೇಲೆ ಶಿವರಂಜನಿಯ ಜೋಳವನ್ನು ಮೇಲಿನ ಬಾಯಿಗೆ ಸುರಿದು, ಅವಳ ಕಡೆಗೆ ಒಂದು ಸಲವೂ ತಿರುಗದೆ ಗಿರಣಿ ಚಾಲೂ ಮಾಡಿದ. ಎಷ್ಟು ಜತನದಿಂದ ಅವನು ತಿರುಗದೆ ಉಳಿದನೆಂದರೆ ಅವನಿಗೆ ಯಾವಾಗಿನಿಂದ ಗೊತ್ತಿತ್ತು ಎಂದು ಅವಳು ಕೇಳಬೇಕಾಗಿರಲಿಲ್ಲ. ಇವರು ಯಾರ ಪೈಕಿನೂ ಅಲ್ಲ ಎಂದಿದ್ದನಲ್ಲ, ಗೊತ್ತಿದ್ದೇ ಅಂದದ್ದು. ಹಿಟ್ಟು ಬಿಳಿಯದಾಗಿ ಬಿತ್ತು, ಮೊದಲಿನಿಂದ ಕೊನೆಯವರೆಗೆ ಬಿಳಿಯದು. ಮೋತಿಬಿ ಏನೂ ಬಿಟ್ಟು ಹೋಗಿರಲಿಲ್ಲ. ತನ್ನ ಕೊನೆಯ ಬೊಗಸೆಗೆ ಶಿವರಂಜನಿ ಬಟ್ಟೆಯ ತೋಳನ್ನು ಮುಟ್ಟಲಿಲ್ಲ. ಮುಟ್ಟಲು ಧೈರ್ಯವಾಗಲಿಲ್ಲ ಎನ್ನುವುದೇ ಸರಿ.

ಬಿಸಿಲು ಏರಿತ್ತು. ಹಿಟ್ಟು ಬಿಸಿಯಿತ್ತು, ಡಬ್ಬಿಯ ಬಿಸಿ ಸೀರೆಯನ್ನು ದಾಟಿ ಕಾಲಿಗೆ ತಾಗುತ್ತಿತ್ತು. ಇಬ್ಬರೂ ಎರಡು ಕಡೆ ಹಿಡಿದು ನಡೆಯುತ್ತಿದ್ದರು. ಗಿರಣಿಯ ಸಪ್ಪಳ ಹಿಂದೆ ಬಿದ್ದಾಗ ಅಂಕಿತಾ ಮುಂದೆಯೇ ನೋಡುತ್ತ, ‘ಮೋತಿಬಿ ಅಂದಿದ್ದು ಖರೇನ?’ ಎಂದು ಕೇಳಿದಳು.

ಏನೆಲ್ಲ ಹೇಳಬಹುದಿತ್ತು. ವಯಸ್ಸಾಗಿದೆ, ಏನೋ ತಿಳಿದುಕೊಂಡಿದ್ದಾಳೆ ಎನ್ನಬಹುದಿತ್ತು. ಶಿವರಂಜನಿ ಹತ್ತು ಹೆಜ್ಜೆ ನಡೆದಳು. ಒಂದು ಹೆಜ್ಜೆ ಹೆಚ್ಚಾದರೂ ಉತ್ತರ ಸುಳ್ಳಾಗುತ್ತದೆ ಎನಿಸಿತು.

‘ಖರೆ.’

‘ಯಾವಾಗಿಂದ?’

‘ಈ ಓಣಿಗೆ ಬಂದಾಗಿಂದ.’

‘ಹಂಗಾರ ಸಾಲ್ಯಾಗ ನಾ ಹೇಳಿದ್ದು?’

‘ನೀ ಸುಳ್ಳ ಹೇಳಿಲ್ಲ. ನೀ ಕಂಡಿದ್ದ ಹೇಳೀದಿ.’

‘ನಾ ಕಂಡಿದ್ದ ಸುಳ್ಳಿತ್ತು’ ಎಂದಳು ಅಂಕಿತಾ. ಸಿಟ್ಟಿನಿಂದಲ್ಲ, ತಪ್ಪಿದ ಲೆಕ್ಕವನ್ನು ತಾನೇ ತಿದ್ದಿಕೊಳ್ಳುವ ಹಾಗೆ. ಸ್ವಲ್ಪ ದೂರ ಹೋದ ಮೇಲೆ, ‘ಅದರಿಂದ ಏನ ಸಿಗ್ತಿತ್ತು?’ ಎಂದಳು.

‘ಒಂದ ಬೊಗಸಿ ಛಲೋ ಹಿಟ್ಟು.’

‘ಅಷ್ಟ?’

‘ಅಷ್ಟ.’

ಅಷ್ಟ ಎಂಬ ಮಾತು ಅಲ್ಲಿಯೇ ಉಳಿಯಿತು. ಬಯ್ದಿದ್ದರೆ, ಅತ್ತಿದ್ದರೆ, ಲಕ್ಷ್ಮೇಶ್ವರದ ಬಸ್ಸಿನಲ್ಲಿ ಹೇಳಿದಂತೆ ಹಾಗೆ ಮಾಡಬ್ಯಾಡವಾ ಎಂದಿದ್ದರೆ ಹೊರಬಹುದಿತ್ತು. ಇನ್ನೂ ದೊಡ್ಡ ತಪ್ಪೊಂದು ಇದ್ದಿದ್ದರೆ ಚೆನ್ನಾಗಿತ್ತು, ಮಗಳು ಬೆಚ್ಚಿ ನಿಲ್ಲುವಂಥದ್ದು. ಬೊಗಸೆ ಎಷ್ಟು ದೊಡ್ಡದು ಎಂದು ಅಳೆಯುವಂತೆ ಹುಡುಗಿ ಬಿಡುವಿದ್ದ ಕೈಯನ್ನು ಒಮ್ಮೆ ಬಟ್ಟಲಿನಂತೆ ಮಡಿಚಿ ನೋಡಿಕೊಂಡಳು, ಮತ್ತೆ ಬಿಚ್ಚಿದಳು. ಶಿವರಂಜನಿ ಅದನ್ನು ನೋಡದವಳಂತೆ ನಡೆದಳು.

ಮನೆಯ ಮುಂದೆ ಕೈ ಬದಲಿಸಲು ಡಬ್ಬಿ ಕೆಳಗಿಟ್ಟರು. ಪಕ್ಕದ ಮನೆಯ ಸಾಬೀರಾ ಕಾಂಪೌಂಡಿನ ಗೋಡೆಯ ಮೇಲೆ ಚಾದರ ಒಣಹಾಕುತ್ತಿದ್ದಳು. ‘ಇಷ್ಟ ಲಗೂನ ಬಂದ್ರೆಲ್ಲ’ ಎಂದಳು ಅಂಕಿತಾಳಿಗೆ, ‘ನಿಮ್ಮವ್ವಾರು ಊರಿಗೆಲ್ಲ ಬಿಟ್ಟ ಕೊಟ್ಟು ಕಡೀಕ ಬರಾವ್ರು. ಇವತ್ತೇನ ಅವರ ಸರತಿ ಮೊದಲ ಬಂತ?’

ಹುಡುಗಿ ಕೆಳಗಿಟ್ಟ ಡಬ್ಬಿಯ ಮುಚ್ಚಳವನ್ನು ಒತ್ತಿ ಸರಿಮಾಡಿದಳು. ಹೇಳಲಿ ಎಂದುಕೊಂಡಳು ಶಿವರಂಜನಿ, ನಿಜವಾಗಿಯೂ, ಒಂದು ಕ್ಷಣ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಲಿ, ಗಿರಣಿಯವರಿಗೆ ಗೊತ್ತಿದ್ದದ್ದು ಉಳಿದವರಿಗೂ ಗೊತ್ತಾಗಲಿ.

‘ಮೋತಿಬಿ ಡಬ್ಬಿ ಹಿಂದ ಯಾರೂ ಇಡಾಕ ತಯಾರಿದ್ದಿಲ್ರಿ ಆಂಟಿ’ ಎಂದಳು ಅಂಕಿತಾ. ‘ನಮ್ಮವ್ವ ಇಟ್ಲು. ಅದಕ ಲಗೂ ಆತು.’

‘ನಿಮ್ಮವ್ವ ಬಿಡು’ ಎಂದು ಸಾಬೀರಾ ಚಾದರದ ಅಂಚು ಎಳೆದು ಸರಿಮಾಡಿದಳು.

ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಾಗಿರಲಿಲ್ಲ. ಶಿವರಂಜನಿ ಮಗಳ ಮುಖದಲ್ಲಿ ಹುಡುಕಿದಳು, ಕನಿಕರವೋ ತಾತ್ಸಾರವೋ, ಎರಡರಲ್ಲಿ ಒಂದು ಸಿಕ್ಕರೂ ಸಾಕಿತ್ತು. ಆ ಮುಖ ಸಮಾಧಾನವಾಗಿತ್ತು, ಅವಸರವಿಲ್ಲದ್ದು, ಒಳಗೆ ಏನಿದೆಯೆಂದು ಹೊರಗಿನವರಿಗೆ ತೋರಿಸದೆ ಇಡಲು ಬಲ್ಲದ್ದು. ಹದಿಮೂರು ವರ್ಷಕ್ಕೆ ಅದು ಬರಬಾರದಾಗಿತ್ತು. ‘ಹಿಡಿ’ ಎಂದು ಅಂಕಿತಾ ಬಗ್ಗಿ ತನ್ನ ಕಡೆಯ ಹಿಡಿಕೆಯನ್ನು ಎತ್ತಿದಳು, ಡಬ್ಬಿ ಓರೆಯಾಗಿ ಒಂದೇ ಕಡೆ ಎದ್ದಿತು. ಚೆಲ್ಲುವ ಮೊದಲು ಶಿವರಂಜನಿ ತನ್ನ ಕಡೆಯದನ್ನೂ ಎತ್ತಿದಳು.